ಬೀರೇಶ ಮುಚ್ಚಿಟ್ಟದ್ದು

ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾರಿನ ಬಾಗಿಲುಗಳಿಗೆ ರಬ್ಬರ್ ಪಟ್ಟಿ ಕೂರಿಸುವ ಕೆಲಸ ಬೀರೇಶನದು. ಕೈ ಚುರುಕು, ಮಾತು ಕಮ್ಮಿ. ಶಿಫ್ಟ್ ಮುಗಿದ ಮೇಲೆ ಜೊತೆಯವರೆಲ್ಲ ಲಾಕರ್ ಕೋಣೆಯಲ್ಲಿ ಯೂನಿಫಾರ್ಮ್ ಕಳಚಿ ಚಡ್ಡಿಯಲ್ಲೇ ನಿಂತು ಹರಟೆ ಹೊಡೆಯುತ್ತಿದ್ದರೆ, ಇವನು ಬಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಕಕ್ಕಸಿಗೆ ಹೋಗಿ, ಚಿಲಕ ಹಾಕಿಕೊಂಡು, ಬದಲಾಯಿಸಿಕೊಂಡು ಬರುತ್ತಿದ್ದ. "ಮದುವಣಗಿತ್ತಿ ಬಂದ್ಲು, ದಾರಿ ಬುಡ್ರಲೇ" ಎಂದು ಅವರು ರೇಗಿಸಿದರೆ ತಾನೂ ನಕ್ಕುಬಿಡುತ್ತಿದ್ದ. ನಗುವುದನ್ನು ಅವನು ಚಿಕ್ಕಂದಿನಲ್ಲೇ ಕಲಿತಿದ್ದ. ನಕ್ಕರೆ ಜನ ಮುಂದಕ್ಕೆ ಕೇಳುವುದಿಲ್ಲ.

ಅವನ ಊರು ಮಾಗಡಿಯಿಂದ ಮಂಚನಬೆಲೆ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಅಪ್ಪ ಬಸವಯ್ಯನಿಗೆ ಎರಡು ಎಕರೆ ರಾಗಿ ಹೊಲ, ಒಂದು ರೊಪ್ಪದ ತುಂಬ ಕುರಿ. ಹೊಲಕ್ಕಿಂತ ಕುರಿಯಲ್ಲೇ ಅವನಿಗೆ ಹೆಸರು. ಸಂತೆಯಲ್ಲಿ ಟಗರು ಕೊಳ್ಳುವವರು ಬಸವಯ್ಯನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಮೊದಲು ಹಲ್ಲು ನೋಡುತ್ತಿದ್ದ, ಆಮೇಲೆ ಬೆನ್ನು ಸವರಿ, ಕೊನೆಗೆ ಹಿಂದಿನಿಂದ ಕೈ ಹಾಕಿ ಬೀಜ ಹಿಡಿದು ನೋಡುತ್ತಿದ್ದ. ಎರಡೂ ಸಮವಾಗಿ ಗಟ್ಟಿಯಾಗಿದ್ದರೆ ತಲೆಯಾಡಿಸುತ್ತಿದ್ದ. ಬೀರೇಶ ಆರನೆಯ ಕ್ಲಾಸಿನಲ್ಲಿದ್ದಾಗ ಅಪ್ಪನ ಜೊತೆ ಸಂತೆಗೆ ಹೋಗಿದ್ದ. ಎತ್ತರದ, ಕೊಂಬು ತಿರುಚಿದ, ಕಣ್ಣಿಗೆ ರಾಜನ ಹಾಗಿದ್ದ ಟಗರೊಂದನ್ನು ಅಪ್ಪ ಹಿಡಿದು ನೋಡಿದ, ತಕ್ಷಣ ಕೈ ಬಿಟ್ಟ.

"ಇದು ಒಂಟಿ ಬೀಜದ್ದು ಕಣ್ಲಾ. ಒಂದು ಒಳಗೇ ಉಳ್ಕಂಡೈತೆ. ಮಂದೆಗೆ ಬುಟ್ರೆ ಮಂದೆ ಕೆಟ್ಟೋಯ್ತದೆ. ಕಟುಕರಿಗೆ ಕೊಡೋಕಷ್ಟೇ ಲಾಯಕ್ಕು" ಎಂದ. ಸುತ್ತ ನಿಂತವರು ನಕ್ಕರು.

ಬೀರೇಶನ ಕೈಯಲ್ಲಿದ್ದ ಕಡಲೆಪುರಿ ಪೊಟ್ಟಣ ಜಾರಿ ಬಿತ್ತು. ಅವನಿಗೂ ಹಾಗೇ ಇತ್ತು. ಎಡಗಡೆ ಒಂದಿತ್ತು, ಬಲಗಡೆ ಬರೀ ಚರ್ಮ. ಇದು ಎಲ್ಲರಿಗೂ ಇರುವ ಹಾಗಲ್ಲ ಎನ್ನುವುದು ಕೆರೆಯಲ್ಲಿ ಜೊತೆಗಾರರ ಜೊತೆ ಈಜುವಾಗ ಅವನಿಗೆ ಅರಿವಾಗಿತ್ತು. ಆದರೆ ಅದಕ್ಕೆ ಒಂದು ಹೆಸರಿದೆ, ಅದರ ಬೆಲೆ ಇಷ್ಟೇ ಎನ್ನುವುದು ಗೊತ್ತಾದದ್ದು ಆ ದಿನ, ಅಪ್ಪನ ಬಾಯಿಂದಲೇ. ಅಂದಿನಿಂದ ಅವನು ಕೆರೆಗೆ ಇಳಿಯಲಿಲ್ಲ. ಈಜು ಚೆನ್ನಾಗಿ ಬರುತ್ತಿದ್ದ ಹುಡುಗ ನೀರೆಂದರೆ ಭಯ ಎಂದು ಹೇಳಿಕೊಂಡು ತಿರುಗಿದ.

ಮದುವೆಯ ಮಾತು ಬಂದಾಗೆಲ್ಲ ಮುಂದಕ್ಕೆ ಹಾಕಿದ. ಕೊನೆಗೆ ಅವ್ವ ಅಂಬಮ್ಮ ಊಟ ಬಿಟ್ಟು ಕೂತಳು. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಅನು ಎಂಬ ಹುಡುಗಿಯನ್ನು ತಂದರು. ಅವಳದು ತುಂಬು ಮನೆ. ಹತ್ತು ಜನರ ನಡುವೆ ಬೆಳೆದವಳು, ಗಟ್ಟಿಯಾಗಿ ನಗುತ್ತಿದ್ದಳು, ಗಟ್ಟಿಯಾಗಿ ಜಗಳವನ್ನೂ ಆಡುತ್ತಿದ್ದಳು. ಬೀರೇಶನಿಗೆ ಅವಳು ಬಂದ ಮೊದಲ ವಾರದಲ್ಲೇ ಇಷ್ಟವಾಗಿಬಿಟ್ಟಳು. ಇಷ್ಟವಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಕತ್ತಲಲ್ಲಿ ಅವಳಿಗೆ ಏನೂ ತಿಳಿಯದ ಹಾಗೆ ನೋಡಿಕೊಂಡ. ಅವಳಿಗೂ ಗಂಡಸಿನ ಮೈ ಬಗ್ಗೆ ಏನು ಗೊತ್ತಿರಬೇಕು? ಯಾರು ಹೇಳಿಕೊಟ್ಟಿದ್ದರು?

ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಮಕ್ಕಳಾಗಲಿಲ್ಲ. ನೆಂಟರ ಮನೆಯಲ್ಲಿ ಊಟಕ್ಕೆ ಕೂತರೆ ಸಾರು ಬಡಿಸುವವರೂ ಅದನ್ನೇ ಕೇಳುತ್ತಿದ್ದರು. ಅನು ರಾಮನಗರದ ಲೇಡಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಮೊದಲ ದಿನವೇ, "ನಿಮ್ಮ ಯಜಮಾನ್ರನ್ನೂ ಕಳಿಸಿ, ಅವರದೇ ಮೊದಲು ನೋಡಬೇಕು, ಅದು ಸುಲಭದ ಟೆಸ್ಟು" ಎಂದಿದ್ದರು. ಅನು ಮನೆಗೆ ಬಂದು ಅದನ್ನು ಹೇಳಿದಾಗ ಬೀರೇಶ ಬೈಕ್ ಒರೆಸುತ್ತಿದ್ದ. ತಲೆ ಎತ್ತದೆ, "ನಂದು ಆಗ್ಲೇ ಮಾಡ್ಸಿದೀನಿ. ಬೆಂಗಳೂರಲ್ಲಿ, ಫ್ರೆಂಡ್ ಜೊತೆ ಓಗಿದ್ದಾಗ. ಎಲ್ಲಾ ಸರಿಯಾಗೈತೆ" ಎಂದ.

ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಅನು ನಂಬಿದಳು. ನಂಬದಿರಲು ಅವಳಿಗೆ ಕಾರಣವೇ ಇರಲಿಲ್ಲ. "ಅಂಗಾರೆ ನಂದೇ ಏನೋ ಐತೆ" ಎಂದಳು, ಸಣ್ಣ ದನಿಯಲ್ಲಿ. ಅವಳ ಗಂಟಲಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಲ್ಲಿಂದ ಅನುವಿನ ಅಲೆದಾಟ ಶುರುವಾಯಿತು. ಮಾತ್ರೆ, ಇಂಜೆಕ್ಷನ್, ಸ್ಕ್ಯಾನಿಂಗ್, ನಡುನಡುವೆ ದೇವರಿಗೆ ಹರಕೆ. ಗರ್ಭಕೋಶದೊಳಗೆ ಔಷಧಿ ಹಾಯಿಸಿ ಎಕ್ಸ್‌ರೇ ತೆಗೆಯುವ ಪರೀಕ್ಷೆಯ ದಿನ ಬೀರೇಶನೂ ಜೊತೆಗೆ ಹೋಗಿದ್ದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ರಸ್ತೆಯ ಹಳ್ಳ ಬಂದಾಗೆಲ್ಲ ಹಲ್ಲು ಕಚ್ಚುತ್ತಿದ್ದಳು. "ನೋವಾ?" ಎಂದು ಕೇಳಿದ. "ಒಸಿ" ಎಂದಳು. ಆಗ ಹೇಳಿಬಿಡಬೇಕು ಅನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಊರಿನವರು ಯಾರೋ ಕೆಮ್ಮಿದರು. ಅವನು ಕಿಟಕಿಯ ಕಡೆ ತಿರುಗಿದ. 

ಅದಕ್ಕಿಂತ ಕೆಟ್ಟದ್ದು ಅನುವಿನ ತಂಗಿಯ ಮಗುವಿನ ನಾಮಕರಣದಲ್ಲಿ ನಡೆಯಿತು. ಬೈರಾಪಟ್ಟಣದ ಮನೆಯ ತುಂಬ ಜನ. ತೊಟ್ಟಿಲಿಗೆ ಮಗು ಹಾಕುವ ಹೊತ್ತಿಗೆ ಅನು ಆಸೆಯಿಂದ ಮುಂದೆ ಹೋಗಿ ಕೈ ಚಾಚಿದಳು. ಅವಳ ದೊಡ್ಡಮ್ಮ ಕಾವೇರಮ್ಮ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ನೀನು ಬ್ಯಾಡ ಬುಡವ್ವ, ಮಕ್ಕಳೊಂದಿಗರು ಆಕ್ಲಿ" ಎಂದಳು. ಬೈದದ್ದೇನಲ್ಲ, ಮೆತ್ತಗೇ ಹೇಳಿದಳು. ಅನು ಹಿಂದೆ ಸರಿದು, ಸೀರೆಯ ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಅಡುಗೆಮನೆಗೆ ಹೋದಳು. ಗಂಡಸರ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದ ಬೀರೇಶ ಇದನ್ನೆಲ್ಲ ಕಂಡ. ಪಕ್ಕದವನು ಎಲೆಯಡಿಕೆ ತಟ್ಟೆ ಮುಂದಿಟ್ಟ. ಬೀರೇಶ ಎಲೆ ತೆಗೆದುಕೊಂಡು ಸುಣ್ಣ ಸವರಿದ.

ಕಾರ್ಖಾನೆಯಲ್ಲೂ ಅದೇ ಕತೆ. ಕಾಂಟ್ರಾಕ್ಟ್‌ನಲ್ಲಿ ಇದ್ದವರಲ್ಲಿ ಚೆನ್ನಾಗಿ ಕೆಲಸ ಮಾಡುವವರನ್ನು ಪರ್ಮನೆಂಟ್ ಮಾಡುತ್ತಾರೆ ಎಂದಾಗ ಲೈನ್ ಸೂಪರ್‌ವೈಸರ್ ಅನಂತರಾಜು ಎಲ್ಲರಿಗಿಂತ ಮೊದಲು ಬೀರೇಶನ ಹೆಸರು ಕೊಟ್ಟ. ಕನಕಪುರದ ಕಡೆಯವನು, ಬಾಯಿ ದೊಡ್ಡದು, ಮನಸ್ಸು ಒಳ್ಳೆಯದು. ಆದರೆ ಪರ್ಮನೆಂಟ್ ಆಗಬೇಕಾದರೆ ಮೆಡಿಕಲ್ ಆಗಬೇಕು. ಹಿಂದಿನ ಸಲ ಆದವರು ಬಂದು ಹೇಳಿದ್ದರು: ಬಟ್ಟೆ ಬಿಚ್ಚಿಸಿ ನಿಲ್ಲಿಸಿ ಕೆಮ್ಮಿಸುತ್ತಾರೆ. ಮೆಡಿಕಲ್ ದಿನ ಬೀರೇಶ ಜ್ವರ ಎಂದು ರಜೆ ಹಾಕಿದ. ಎರಡನೆಯ ಸಲ ಕರೆದಾಗ ಬೇಡವೇ ಬೇಡ ಎಂದ.

"ಏನ್ಲಾ ನಿಂಗೆ ಬಂದಿರೋದು? ಜನ ಇದ್ಕೆ ಕಾಲಿಗೆ ಬೀಳ್ತಾವ್ರೆ, ನೀನು ಒದಿತೀಯಲ್ಲೋ!" ಎಂದು ಅನಂತರಾಜು ಬೈದ. ಬೀರೇಶ ನಕ್ಕ. ಮನೆಯಲ್ಲಿ ಅನುವಿಗೆ, ಪಟ್ಟಿಯಲ್ಲಿ ತನ್ನ ಹೆಸರು ಬರಲಿಲ್ಲ ಎಂದ. ಅವಳು ಅನಂತರಾಜುವಿಗೆ ಹಿಡಿಶಾಪ ಹಾಕಿದಳು. ಅದನ್ನೂ ಅವನು ಕೇಳಿಸಿಕೊಂಡು ಸುಮ್ಮನಿದ್ದ.

ಬಲಗಡೆಯ ತೊಡೆಸಂದಿನಲ್ಲಿ ಅವನಿಗೆ ಮೊದಲಿನಿಂದಲೂ ಅವರೆಕಾಳಿನಷ್ಟು ಒಂದು ಗಂಟು ಕೈಗೆ ಸಿಗುತ್ತಿತ್ತು. ಮದುವೆಯಾಗಿ ಎಂಟೊಂಬತ್ತು ವರ್ಷವಾಗುವ ಹೊತ್ತಿಗೆ ಅದು ಬೆಳೆಯತೊಡಗಿತು. ನೋವಿರಲಿಲ್ಲ, ಭಾರ ಇತ್ತು. ನಿಂಬೆಹಣ್ಣಿನಷ್ಟಾದ ಮೇಲೆ ಹಳೆಯ ಪಂಚೆಯ ತುಂಡನ್ನು ಲಂಗೋಟಿಯ ಹಾಗೆ ಬಿಗಿದು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಗಂಟು ಒಳಕ್ಕೆ ಸರಿಯಬಹುದು ಎಂಬ ಆಸೆ. ಒಂದು ಮಧ್ಯಾಹ್ನ ಲೈನಿನಲ್ಲಿ ಬಾಗಿದವನಿಗೆ ಮೇಲಕ್ಕೇಳಲು ಆಗಲಿಲ್ಲ. ಹೊಟ್ಟೆಯ ಕೆಳಗೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ. ಅನಂತರಾಜು ಲೈನ್ ನಿಲ್ಲಿಸಿ, ತನ್ನ ಕಾರಿನಲ್ಲೇ ಹಾಕಿಕೊಂಡು ರಾಮನಗರದ ಆಸ್ಪತ್ರೆಗೆ ಓಡಿಸಿದ. ದಾರಿಯುದ್ದಕ್ಕೂ ಬೀರೇಶ, "ಗ್ಯಾಸು ಅಣ್ಣ, ಬರೀ ಗ್ಯಾಸು. ಸೋಡಾ ಕುಡುದ್ರೆ ಓಯ್ತದೆ" ಎನ್ನುತ್ತಲೇ ಇದ್ದ.

ಸರ್ಜನ್ ಆಪರೇಷನ್ ಕೋಣೆಯಲ್ಲಿದ್ದರು. ಮೊದಲು ನೋಡಿದ್ದು ಲತಾಮಣಿ ಎಂಬ ನರ್ಸ್. ವಯಸ್ಸು ನಲವತ್ತರ ಮೇಲೆ, ಕೂದಲನ್ನು ಎಳೆದು ಗಂಟು ಹಾಕಿದ್ದಳು, ಕಿವಿಯ ಹತ್ತಿರ ಒಂದು ಪೆನ್ನು. ಅನಂತರಾಜುವನ್ನು ಹೊರಗೆ ಕೂರಿಸಿ ಹಸಿರು ಪರದೆ ಎಳೆದಳು.

"ಎಲ್ಲಿ ನೋವು?"

"ಹೊಟ್ಟೆ, ಸಿಸ್ಟರ್."

"ಹೊಟ್ಟೆ ಮೇಲ್ಗಡೆನಾ, ಕೆಳಗಡೆನಾ?"

"ಕೆಳಗೆ."

"ಇನ್ನೂ ಕೆಳಗೆನಾ?"

ಬೀರೇಶ ಎರಡೂ ಕೈಯನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ನೆಲದ ಕಡೆ ನೋಡಿದ. ಲತಾಮಣಿ ಸ್ಟೂಲ್ ಎಳೆದುಕೊಂಡು ಅವನಿಗಿಂತ ತಗ್ಗಿನಲ್ಲಿ ಕೂತಳು.

"ನೋಡಿ, ನಾನು ನೋಡ್ಬೇಕಾಗುತ್ತೆ. ಗಂಡಸರೇ ನೋಡ್ಲಿ ಅಂದ್ರೆ ಒಬ್ರು ಬ್ರದರ್ ಇದಾರೆ, ಡ್ಯೂಟಿಗೆ ಬರೋಕೆ ಇನ್ನೊಂದು ಗಂಟೆ ಆಗುತ್ತೆ. ಕಾಯ್ಬೋದು, ನಂಗೇನೂ ಬೇಜಾರಿಲ್ಲ. ಆದ್ರೆ ನಿಮ್ಗೆ ಬೆವರು ಕಿತ್ಕೊಂಡು ಬರ್ತಾ ಇದೆ."

ಒಂದು ಗಂಟೆ ಸಿಕ್ಕರೆ ಓಡಿಹೋಗಬಹುದು ಎಂದು ಅವನಿಗೆ ಅನ್ನಿಸಿತು. ಎದ್ದು ನೋಡಿದ. ನೋವಿಗೆ ಮತ್ತೆ ಕೂತ. "ನೀವೇ ನೋಡಿ" ಎಂದ.

ಲತಾಮಣಿ ಆಯಾ ಒಬ್ಬಳನ್ನು ಪರದೆಯ ಹೊರಗೆ ನಿಲ್ಲಿಸಿ, ಅವನ ಸೊಂಟಕ್ಕೆ ಒಂದು ಬಿಳಿ ಬಟ್ಟೆ ಕೊಟ್ಟು, ಬೆನ್ನು ತಿರುಗಿಸಿ ನಿಂತಳು. ಪ್ಯಾಂಟು ಬಿಚ್ಚಿದಾಗ ಬಿಗಿದು ಕಟ್ಟಿದ್ದ ಪಂಚೆಯ ತುಂಡು ಕಾಣಿಸಿತು. ಗಂಟು ಬಿಚ್ಚಲು ಅವನಿಗೆ ಆಗಲಿಲ್ಲ. ಕೊನೆಗೆ ಅವಳೇ ಬಿಚ್ಚಿದಳು. ಒದ್ದೆಯಾಗಿ, ಹಳದಿಯಾಗಿದ್ದ ಆ ಬಟ್ಟೆಯನ್ನು ಮೂಗು ಮುಚ್ಚಿಕೊಳ್ಳದೆ ಮಡಿಸಿ ಪಕ್ಕಕ್ಕಿಟ್ಟಳು. ಬೀರೇಶ ಗೋಡೆಯ ಮೇಲಿದ್ದ ಹಲ್ಲಿಯನ್ನೇ ನೋಡುತ್ತಿದ್ದ.

ಕೈಗವಸು ಹಾಕಿಕೊಂಡ ಮೇಲೆ ಅವಳು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡಳು. ಮುಟ್ಟುವುದಕ್ಕೆ ಮೊದಲು ಪ್ರತಿ ಸಲ ಹೇಳುತ್ತಿದ್ದಳು. ಈಗ ಚರ್ಮ ನೋಡ್ತೀನಿ, ಹುಣ್ಣು ಗಿಣ್ಣು ಏನಾದ್ರೂ ಇದ್ಯಾ ಅಂತ. ಮುಂದಿನ ಚರ್ಮ ನೀವೇ ಹಿಂದಕ್ಕೆ ಸರಿಸಿ ತೋರಿಸಿ. ಸರಾಗವಾಗಿ ಬರುತ್ತಾ? ಆಯ್ತು, ಮತ್ತೆ ಮುಂದಕ್ಕೆ ಎಳ್ಕೊಳಿ, ಹಾಗೇ ಬಿಡ್ಬಾರ್ದು, ಬಾವು ಬರುತ್ತೆ. ಮೂತ್ರ ಹೋಗುವಾಗ ಉರಿ? ಧಾರೆ ಸರಿಯಾಗಿ ಬರುತ್ತಾ? ಅವಳ ದನಿಯಲ್ಲಿ ಗಂಟಲು ನೋಡುವವರ ಸಲೀಸಿತ್ತು. ಎಡಗಡೆಯದನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, "ಇದು ಒಂಚೂರು ಸಣ್ಣದು. ಗಂಟೇನೂ ಇಲ್ಲ" ಎಂದಳು. ಬಲಗಡೆಗೆ ಬಂದಾಗ ಅವಳ ಬೆರಳು ನಿಂತವು. ಆಮೇಲೆ ಮೇಲಕ್ಕೆ, ತೊಡೆಸಂದಿಗೆ ಹೋದವು.

"ಒಂದ್ಸಲ ಕೆಮ್ಮಿ."

ಅವನು ಕೆಮ್ಮಿದ.

"ನೋವಾಯ್ತಾ?"

"ಇಲ್ಲ... ಹೂಂ."

"ಬಲಗಡೆದು ಯಾವಾಗ್ಲಿಂದ ಕೆಳಗೆ ಇಲ್ಲ?"

ಇಷ್ಟು ವರ್ಷ ಈ ಪ್ರಶ್ನೆಗೆ ಹೆದರಿಕೊಂಡು ಬದುಕಿದ್ದ. ಕೇಳಿದಾಗ ಅದು ಎಷ್ಟು ಚಿಕ್ಕ ಪ್ರಶ್ನೆಯಾಗಿತ್ತು!

"ಹುಟ್ದಾಗ್ಲಿಂದ."

"ಯಾರಿಗಾದ್ರೂ ತೋರ್ಸಿದ್ರಾ?"

ಇಲ್ಲವೆಂದು ತಲೆ ಅಲ್ಲಾಡಿಸಿದ.

"ಮದ್ವೆ ಆಗಿದ್ಯಾ? ಮಕ್ಕಳು?"

ಬೀರೇಶ ಬಿಳಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡ. ಅಳುವಿನ ಸದ್ದು ಪರದೆಯ ಹೊರಗೆ ಅನಂತರಾಜುವಿಗೆ ಕೇಳಿಸಬಾರದು ಎಂದು ಬಟ್ಟೆಯನ್ನು ಬಾಯಿಗೆ ತುರುಕಿಕೊಂಡ. ಅದರಿಂದಾಗಿ ಮುಚ್ಚಬೇಕಾದದ್ದು ಬಯಲಾಗಿತ್ತು. ಲತಾಮಣಿ ಇನ್ನೊಂದು ಬಟ್ಟೆ ತಂದು ಅವನ ತೊಡೆಯ ಮೇಲೆ ಹೊದಿಸಿದಳು. ಅವನು ಸುಮ್ಮನಾಗುವವರೆಗೆ ಕೈಗವಸು ಕಳಚಿ ಕೈ ತೊಳೆಯುತ್ತಾ ನಿಂತಳು.

"ಇದು ತುಂಬಾ ಮಕ್ಕಳಿಗೆ ಇರುತ್ತೆ. ಹೊಟ್ಟೆಯೊಳಗಿಂದ ಕೆಳಗೆ ಇಳಿಯೋದು ಕೆಲವರಿಗೆ ಅರ್ಧ ದಾರೀಲಿ ನಿಂತೋಗುತ್ತೆ. ನಾವು ಹೆರಿಗೆ ವಾರ್ಡಲ್ಲಿ ಗಂಡುಮಗು ಹುಟ್ಟಿದ್ ತಕ್ಷಣ ಇದನ್ನೂ ನೋಡ್ತೀವಿ. ಆರು ತಿಂಗಳಲ್ಲಿ ತಾನಾಗೇ ಇಳೀದೇ ಇದ್ರೆ, ವರ್ಷ ತುಂಬೋದ್ರೊಳಗೆ ಸಣ್ಣ ಆಪರೇಷನ್ ಮಾಡಿ ಇಳಿಸ್ತಾರೆ. ಮಗು ಸಾಯಂಕಾಲಕ್ಕೆ ಮನೆಗೆ ಹೋಗುತ್ತೆ."

ಸಮಾಧಾನಕ್ಕೆಂದು ಅವಳು ಹೇಳಿದ ಮಾತು ಅದು. ಆದರೆ ಬೀರೇಶನಿಗೆ ಇನ್ನಷ್ಟು ನಾಚಿಕೆಯಾಯಿತು. ಸಾಯಂಕಾಲಕ್ಕೆ ಮುಗಿದುಹೋಗಬಹುದಾಗಿದ್ದ ಒಂದು ವಿಷಯಕ್ಕೆ ಅವನು ಕೆರೆ ಬಿಟ್ಟಿದ್ದ, ಪರ್ಮನೆಂಟ್ ಕೆಲಸ ಬಿಟ್ಟಿದ್ದ, ಹೆಂಡತಿಯನ್ನು ಎಕ್ಸ್‌ರೇ ಕೋಣೆಯ ಮೇಜಿನ ಮೇಲೆ ಮಲಗಿಸಿದ್ದ.

ಸರ್ಜನ್ ಬಂದು ನೋಡಿದರು, ಸ್ಕ್ಯಾನ್ ಮಾಡಿಸಿದರು. ಒಳಗೆ ಉಳಿದದ್ದು ಇಷ್ಟು ವಯಸ್ಸಾದ ಮೇಲೆ ಕೆಲಸಕ್ಕೆ ಬಾರದು, ಅದರಲ್ಲಿ ಕೆಟ್ಟ ಗಡ್ಡೆ ಬೆಳೆದಿರುವ ಅನುಮಾನ ಇದೆ, ತೆಗೆದೇ ಬಿಡಬೇಕು ಎಂದರು. ಮನೆಯವರನ್ನು ಕರೆಸಿ ಎಂದರು.

ಮರುದಿನ ಬೆಳಿಗ್ಗೆ ಅನು ಅತ್ತೆಯ ಜೊತೆ ಬಂದಳು. ಬುತ್ತಿಯಲ್ಲಿ ಮುದ್ದೆ, ಸೊಪ್ಪಿನ ಸಾರು. ಆಸ್ಪತ್ರೆಯ ಹಿಂಭಾಗದಲ್ಲಿ ಹೊಂಗೆಮರದ ಕೆಳಗೆ ಸಿಮೆಂಟ್ ಕಟ್ಟೆಯಿತ್ತು. ಬೀರೇಶ ಮೂವರಿಗೂ ಸಾಲುವಷ್ಟು ಜಾಗ ನೋಡಿ ಕೂತ. ರಾತ್ರಿಯೆಲ್ಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಹಿಂದುಮುಂದಾಗಿ ಹೇಳಿದ. ಒಂದು ಇಲ್ಲ ಎಂದ. ಚಿಕ್ಕಂದಿನಿಂದ ಗೊತ್ತಿತ್ತು ಎಂದ. ಎಲ್ಲ ಮುಗಿದ ಮೇಲೆ ಅನು ಒಂದೇ ಒಂದು ಮಾತು ಕೇಳಿದಳು.

"ಬೆಂಗಳೂರಲ್ಲಿ ಟೆಸ್ಟ್ ಮಾಡ್ಸಿದೀನಿ ಅಂದ್ರಲ್ಲ?"

"ಮಾಡ್ಸಿರ್ಲಿಲ್ಲ."

ಅನು ಬುತ್ತಿಯ ಮುಚ್ಚಳವನ್ನು ತಿರುಪಿ ಹಾಕಿದಳು. ಬಿಗಿಯಾದ ಮೇಲೂ ತಿರುಪುತ್ತಲೇ ಇದ್ದಳು.

ಆಗ ಅಂಬಮ್ಮ ಬಾಯಿ ಬಿಟ್ಟಳು. ಅವಳು ಇಷ್ಟು ಹೊತ್ತೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. "ನಂಗೂ ಗೊತ್ತಿತ್ತು ಕಣವ್ವ" ಎಂದಳು. "ಎಳೇ ಮಗೀಗೆ ಎಣ್ಣೆ ನೀರು ಆಕೋವಾಗ್ಲೇ ಕಂಡಿದ್ದೆ. ಸೂಜಿ ಆಕೋ ಸಿಸ್ಟರಮ್ಮನೂ ದೊಡ್ಡಾಸ್ಪತ್ರೆಗೆ ತೋರ್ಸು ಅಂದಿತ್ತು. ಇವರಪ್ಪಂತಾವ ಎಂಗ್ ಯೋಳ್ಲಿ? ಕುರಿ ಮಂದೀಲಿ ಅಂತವ್ನ ಏನ್ ಮಾಡ್ತನೆ ಅಂತ ಕಂಡಿದ್ನಲ್ಲ. ನನ್ ಮಗೂನ ಅಂಗೆ ನೋಡ್ಬುಟ್ಟಾನು ಅಂತ ಬಾಯಿ ಕಟ್ಕಂಡೆ. ದೊಡ್ಡವ್ನಾದ್ಮೇಲೆ ಇಳ್ದಿರ್ತದೆ ಬುಡು ಅಂದ್ಕಂಡೆ."

ಬೀರೇಶ ಅವ್ವನ ಮುಖ ನೋಡಿದ. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಮುಚ್ಚಿಕೊಂಡು ಮೂವತ್ತು ವರ್ಷ ಉಂಡಿದ್ದರು.

ಅನುವಿಗೆ ಅಂಬಮ್ಮ ಎಂದೂ ಒಂದು ಮಾತು ಅಂದವಳಲ್ಲ. ಊರಿನವರು ಬಂಜೆ ಎಂದರೆ ಅವರ ಮೇಲೆ ಏರಿಹೋಗುತ್ತಿದ್ದಳು. ಇಂಥ ಅತ್ತೆ ಸಿಕ್ಕಿದ್ದು ಪುಣ್ಯ ಎಂದು ಅನು ತವರಿನಲ್ಲಿ ಹೊಗಳಿಕೊಂಡಿದ್ದಳು. ಈಗ ಅವಳು ಎದ್ದು ನಿಂತು, "ಅದ್ಕೇ ಅತ್ತೆ, ನೀವು ನಂಗೆ ಅಷ್ಟು ಒಳ್ಳೇರಾಗಿದ್ದದ್ದು?" ಎಂದಳು. ಅಂಬಮ್ಮ ತಲೆ ತಗ್ಗಿಸಿದಳು.

"ಒಂದಿಲ್ದಿದ್ರೆ ಇಲ್ದೇ ಓಗ್ಲಿ" ಎಂದು ಅನು ಗಂಡನ ಕಡೆ ತಿರುಗಿದಳು. "ನಾನೇನು ಅದನ್ನ ಎಣಿಸ್ಕಂಡು ಮದ್ವೆ ಆದ್ನಾ? ಅವತ್ತು ಬಸ್ಸಲ್ಲಿ ನನ್ ಪಕ್ಕದಲ್ಲೇ ಕೂತಿದ್ರಲ್ಲ, ನೋವಾ ಅಂತ ಕೇಳಿದ್ರಲ್ಲ. ಯಾವ ಬಾಯಲ್ಲಿ ಕೇಳಿದ್ರಿ?"

ಆಪರೇಷನ್ ಆಗಿ ಮನೆಗೆ ಕಳಿಸುವವರೆಗೂ ಅವಳು ಆಸ್ಪತ್ರೆಯಲ್ಲೇ ಇದ್ದಳು. ಸಹಿ ಹಾಕಿದಳು, ಔಷಧಿ ತಂದಳು, ಗಂಜಿ ಕುಡಿಸಿದಳು. ಮಾತು ಮಾತ್ರ ಆಡಲಿಲ್ಲ. ಬಸವಯ್ಯನಿಗೆ ಅಂಬಮ್ಮನೇ ಎಲ್ಲ ಹೇಳಿದ್ದಳು. ಅವನು ಬಂದು ಮಂಚದ ಕಾಲ ಬಳಿ ನಿಂತು, ಮಗನ ಪಾದವನ್ನು ಹೊದಿಕೆಯ ಮೇಲಿಂದಲೇ ಮುಟ್ಟಿ, "ನನ್ನ ತಾವ ಯೋಳ್ಬಾರ್ದಿತ್ತೇನ್ಲಾ?" ಎಂದ. ಬೀರೇಶ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ಮಲಗಿದ. ಅಪ್ಪನನ್ನು ನೋಯಿಸುವ ಉತ್ತರವೊಂದೇ ಅವನ ಹತ್ತಿರ ಇತ್ತು. ಅದನ್ನು ಕೊಡಲಿಲ್ಲ.

ಮನೆಗೆ ಕಳಿಸುವ ದಿನ ಲತಾಮಣಿ ಬಂದು, ಉಳಿದ ಒಂದನ್ನು ತಿಂಗಳಿಗೊಮ್ಮೆ ಬಿಸಿನೀರು ಸ್ನಾನ ಆದ ಮೇಲೆ ಹೇಗೆ ಬೆರಳಾಡಿಸಿ ನೋಡಿಕೊಳ್ಳಬೇಕು, ಗಟ್ಟಿ ಗಂಟು ಸಿಕ್ಕರೆ ಹೇಗೆ ಒಂದು ದಿನವೂ ತಡಮಾಡದೆ ಬರಬೇಕು ಎಂದು ಅನುವಿನ ಎದುರಿಗೇ ಹೇಳಿಕೊಟ್ಟಳು. ಬೀರೇಶ ಕಿವಿಯವರೆಗೆ ಕೆಂಪಾದ. ಅನು ಮಾತ್ರ ಗಮನವಿಟ್ಟು ಕೇಳಿಸಿಕೊಂಡಳು. ಅವನನ್ನು ಮನೆ ಮುಟ್ಟಿಸಿ, ಮೂರನೆಯ ದಿನ ಬಟ್ಟೆಯ ಬ್ಯಾಗು ಹಿಡಿದು ಬೈರಾಪಟ್ಟಣಕ್ಕೆ ಹೊರಟುಹೋದಳು.

ತೆಗೆದ ಗಡ್ಡೆಯ ಪರೀಕ್ಷೆಯ ಫಲ ಬಂತು. ಅದು ಕೆಟ್ಟದ್ದೇ, ಕ್ಯಾನ್ಸರ್; ಆದರೆ ಹೊರಗೆ ಹರಡಿರಲಿಲ್ಲ. ಕೆಲವು ವರ್ಷ ಬಿಡದೆ ಬೆಂಗಳೂರಿಗೆ ಹೋಗಿ ತೋರಿಸಿಕೊಳ್ಳಬೇಕು. ಮಕ್ಕಳ ವಿಷಯಕ್ಕೂ ಕೊನೆಗೆ ಆ ಪರೀಕ್ಷೆ ಮಾಡಿಸಿದ. ವೀರ್ಯಾಣುಗಳ ಎಣಿಕೆ ಬಹಳ ಕಮ್ಮಿ ಇದೆ, ಚಿಕಿತ್ಸೆ ಮಾಡಿದರೆ ಆಗಲೂಬಹುದು, ಆಗದೆಯೂ ಇರಬಹುದು ಎಂದರು.

ಗಾಯ ಒಣಗಿದ ಮೇಲೆ ಬೀರೇಶ ಬೈರಾಪಟ್ಟಣಕ್ಕೆ ಹೋದ. ಅನುವನ್ನು ಕರೆಯುವುದಕ್ಕಲ್ಲ, ಹೇಳಬೇಕಾದದ್ದನ್ನು ಹೇಳುವುದಕ್ಕೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಅನು ತವರಿನಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ. ಅವನ ಮಾನವನ್ನು ಅವಳು ಅಲ್ಲೂ ಕಾಪಾಡಿಕೊಂಡಿದ್ದಳು. ಅದು ಗೊತ್ತಾದಾಗ ಅವನಿಗೆ ನೆಲಕ್ಕಿಳಿದು ಹೋಗುವ ಹಾಗಾಯಿತು. ಮಾವ, ಇಬ್ಬರು ಭಾಮೈದರು, ಕಾವೇರಮ್ಮ ಎಲ್ಲರೂ ಪಡಸಾಲೆಯಲ್ಲಿದ್ದರು. ಕಾಫಿ ಬಂತು. ಲೋಟ ಕೆಳಗಿಟ್ಟು ಅವನು ಎದ್ದು ನಿಂತ.

"ಮಕ್ಕಳಾಗ್ದಿರೋದು ಅನುವಿಂದ ಅಲ್ಲ. ನನ್ನಿಂದ" ಎಂದ. "ನಂಗೆ ಹುಟ್ಟಿನಿಂದ್ಲೇ ಒಂದು ಕಡೆ ಬೀಜ ಇಳ್ದಿರ್ಲಿಲ್ಲ. ಗೊತ್ತಿದ್ದೂ ಮುಚ್ಚಿಟ್ಟೆ. ಟೆಸ್ಟ್ ಮಾಡ್ಸಿದೀನಿ ಅಂತ ಸುಳ್ಳು ಹೇಳ್ದೆ."

ಕಿರಿಯ ಭಾಮೈದ ಫಕ್ಕನೆ ನಕ್ಕು, ಕೈಯಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದ. ಬೀರೇಶನಿಗೂ ಅಭ್ಯಾಸಬಲದಿಂದ ನಗು ಬಂತು, ತುಟಿಯವರೆಗೆ ಬಂದದ್ದನ್ನು ತಡೆದುಕೊಂಡ. "ನಾಮಕರಣದಲ್ಲಿ ಅವ್ಳನ್ನ ಹಿಂದಕ್ಕೆ ಎಳೆದ್ರಲ್ಲ ದೊಡ್ಡಮ್ಮ, ಅವತ್ತು ಹಿಂದಕ್ಕೆ ಸರೀಬೇಕಾಗಿದ್ದೋನು ನಾನು" ಎಂದ. ಕಾವೇರಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದಳು. ಬಾಗಿಲ ಹತ್ತಿರ ಅನು ನಿಂತಿದ್ದಳು. ಅವಳು ಅವನ ಜೊತೆ ಹೊರಡಲಿಲ್ಲ. ಬಸ್ ಸ್ಟಾಪಿನವರೆಗೂ ಬರಲಿಲ್ಲ.

ಅವಳು ಬಂದದ್ದು ಯುಗಾದಿ ಕಳೆದ ಮೇಲೆ, ತಾನಾಗಿಯೇ. ಬಂದವಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು: ನಾಳೆಯಿಂದ ರಾಮನಗರದ ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಹರಕೆ ಗಿರಕೆ ಇನ್ನು ನನ್ನ ತಲೆಗೆ ಕಟ್ಟಬೇಡಿ. ಮಕ್ಕಳಿಗೆ ಚಿಕಿತ್ಸೆ ಬೇಕೋ ಬೇಡವೋ ಎನ್ನುವುದನ್ನು ನಾನು ಹೇಳುವವರೆಗೆ ಯಾರೂ ಕೇಳಬೇಡಿ. ಬೀರೇಶ ಎಲ್ಲಕ್ಕೂ ಹೂಂ ಎಂದ. ಅವಳು ಅತ್ತೆಯ ಜೊತೆ ಮಾತು ಶುರು ಮಾಡಲು ಇನ್ನೂ ಎಷ್ಟೋ ದಿನ ಹಿಡಿಯಿತು. ಮೊದಲ ಮಾತು ಉಪ್ಪಿನ ಬಗ್ಗೆ ಇತ್ತು.

ಮುಂದಿನ ಸಲ ಪರ್ಮನೆಂಟ್ ಮೆಡಿಕಲ್ ಬಂದಾಗ ಬೀರೇಶ ಹೋಗಿ ಸಾಲಿನಲ್ಲಿ ನಿಂತ. ಡಾಕ್ಟರು ಹೊಲಿಗೆಯ ಗುರುತು ನೋಡಿ ಕೇಳಿದರು, ಇವನು ಹೇಳಿದ. ಬೆಂಗಳೂರಿನ ಚೆಕಪ್ ಎಲ್ಲ ಮುಗಿಯುವವರೆಗೆ ಕಾಯಬೇಕು ಎಂದು ಅವನ ಹೆಸರನ್ನು ಪಕ್ಕಕ್ಕಿಟ್ಟರು. ಈ ಸಲ ಮನೆಗೆ ಬಂದು ನಡೆದದ್ದನ್ನು ನಡೆದ ಹಾಗೇ ಹೇಳಿದ. ಲಾಕರ್ ಕೋಣೆಯಲ್ಲಿ ಮಾತ್ರ ಇವತ್ತಿಗೂ ಬಟ್ಟೆ ಹಿಡಿದುಕೊಂಡು ಕಕ್ಕಸಿಗೇ ಹೋಗುತ್ತಾನೆ. ನಾಚಿಕೆ ಅಷ್ಟು ಬೇಗ ಬಿಟ್ಟುಹೋಗುವಂಥದ್ದಲ್ಲ.

ತಿಂಗಳ ಮೊದಲ ಭಾನುವಾರ ಅನು ಅವನಿಗೆ ಹಂಡೆಯ ತುಂಬ ನೀರು ಕಾಯಿಸಿಡುತ್ತಾಳೆ. ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ ಸ್ವಲ್ಪ ಹೊತ್ತಿಗೆ, ಜಗಲಿಯ ಮೇಲೆ ಅಕ್ಕಿ ಆರಿಸುತ್ತಿರುವ ಅವ್ವನಿಗೂ, ಬೇಲಿಯಾಚೆ ಬಟ್ಟೆ ಹರವುತ್ತಿರುವ ಪಕ್ಕದ ಮನೆಯವರಿಗೂ ಕೇಳುವ ಹಾಗೆ ಅನು ಕೂಗುತ್ತಾಳೆ:

"ಏನೂಂದ್ರೆ, ನೋಡ್ಕಂಡ್ರಾ?"

ಬಚ್ಚಲ ಹೊಗೆಯೊಳಗೆ ಬೀರೇಶನ ಮುಖ ಕೆಂಪಾಗುತ್ತದೆ. ಉತ್ತರ ಕೊಡದಿದ್ದರೆ ಅವಳು ಇನ್ನೂ ಜೋರಾಗಿ ಕೂಗುತ್ತಾಳೆ ಎಂದು ಗೊತ್ತು.

"ನೋಡ್ಕಂಡೆ ಕಣೆ. ಏನಿಲ್ಲ, ಸರಿಯಾಗೈತೆ" ಎನ್ನುತ್ತಾನೆ.